ತಾತ ನಿಲ್ಲಿಸಿದ ರೈಲು, ಅಪ್ಪ ನಿಲ್ಲಿಸಿದ ರೈಲು

ಜಯನಗರದ ತಾತನ ಮನೆಗೆ ನಾವು ಹೋಗುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ವಾಸಕ್ಕೆಂದು ಹೋದದ್ದು ಅಪ್ಪ ಜೈಲು ಸೇರಿದ ಮೇಲೆ. ಅಪ್ಪ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಸಿಟಿ ಸ್ಟೇಷನ್ನಿನ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮಗೆ ಎರಡು ಕೋಣೆಯ ಮನೆಯಿತ್ತು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆದರೂ ತಿಂಗಳಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಣಗಿಹಾಕಿದ ಬಟ್ಟೆಯ ಮೇಲೆ ಮಸಿಯ ಚುಕ್ಕೆ, ಹಪ್ಪಳದ ಮೇಲೆ ಮಸಿಯ ಚುಕ್ಕೆ. ದೇಶದ ರೈಲ್ವೆ ನೌಕರರೆಲ್ಲ ಮುಷ್ಕರ ಹೂಡಿದ ಆ ಬೇಸಿಗೆಯಲ್ಲಿ ನನಗೆ ಒಂಬತ್ತು ವರ್ಷ. ಅದರ ಹಿಂದಿನ ಕೆಲವು ವಾರ ಅಪ್ಪ ಹೇಗಿದ್ದನೋ ಹಾಗೆ ಮತ್ತೆಂದೂ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು ಬಚ್ಚಲಲ್ಲಿ ಮಸಿ ತೊಳೆದುಕೊಳ್ಳುತ್ತಲೇ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳುವಂತೆ ಕೂಗಿ ಹೇಳುತ್ತಿದ್ದ.

“ಎಂಟೇ ಗಂಟೆ ಡ್ಯೂಟಿ ಕಣೇ. ಆಮೇಲೆ ಬೋನಸ್ಸು. ಈ ಸಲ ಕೊಡ್ದೇ ಇರಕ್ಕಾಗಲ್ಲ ಅವರಿಗೆ.”

“ಕೊಡ್ದೇ ಇದ್ರೆ?”

“ಒಂದು ರೈಲೂ ಅಲ್ಲಾಡಲ್ಲ. ನೋಡ್ತಾ ಇರು.”

ಮುಷ್ಕರ ಶುರುವಾದ ಬೆಳಿಗ್ಗೆ ಎದ್ದಾಗ ಕಿವಿ ಮುಚ್ಚಿಹೋದಂತೆ ಅನ್ನಿಸಿತು. ಹುಟ್ಟಿದಾಗಿನಿಂದ ಎಂಜಿನ್ನಿನ ಸದ್ದಿನಲ್ಲೇ ಕಣ್ಣುಬಿಟ್ಟವಳು ನಾನು. ಅವತ್ತು ಕಾಗೆಯ ಕೂಗು, ನಲ್ಲಿಯ ಹನಿ, ಪಕ್ಕದ ಮನೆಯವರು ದೋಸೆ ಹುಯ್ಯುವ ಸದ್ದು, ಎಲ್ಲವೂ ಬಿಡಿಬಿಡಿಯಾಗಿ ಕೇಳಿಸಿದವು. ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನು ಎತ್ತಿಕೊಂಡು, ಅಷ್ಟು ದೊಡ್ಡವಳನ್ನು, “ಕೇಳಿಸ್ತಾ ಪುಟ್ಟಿ? ಇದು ನಾವು ಮಾಡಿರೋ ಸದ್ದು” ಅಂದ. ಆ ಸಂಜೆಯೇ ಪೊಲೀಸರು ಬಂದರು. ಅಪ್ಪ ಅಷ್ಟರಲ್ಲಿ ತನ್ನ ಎಂಜಿನ್ನಿನ ಡ್ರೈವರ್ ಡೇವಿಡ್ ಅಂಕಲ್ ಅವರ ಅಕ್ಕನ ಮನೆಯಲ್ಲಿ ಅಡಗಿದ್ದ. ಕೆಲವೇ ದಿನಗಳಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಆಮೇಲೆ ರೈಲ್ವೆಯವರು ಬಂದು ಮನೆ ಖಾಲಿ ಮಾಡಬೇಕೆಂದು ಹೇಳಿಹೋದರು. ಅಮ್ಮ ಯಾರನ್ನೂ ಬೇಡಿಕೊಳ್ಳಲಿಲ್ಲ. ಒಲೆ ಆರಿಸಿ, ಹಿಟ್ಟಿನ ಡಬ್ಬಗಳ ಬಾಯಿಗೆ ಬಟ್ಟೆ ಕಟ್ಟಿ, ಸಾಮಾನನ್ನು ಒಂದು ಎತ್ತಿನ ಗಾಡಿಗೆ ಹೇರಿಸಿದಳು. ಲಾಲ್‌ಬಾಗಿನ ಗೋಡೆಯುದ್ದಕ್ಕೂ ನಾವಿಬ್ಬರೂ ಗಾಡಿಯ ಹಿಂದೆ ನಡೆದು ಜಯನಗರಕ್ಕೆ ಬಂದೆವು.

ತಾತ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕೆಂಪು ಗಾರೆ ನೆಲದ ಪುಟ್ಟ ಮನೆ ಅವರದು. ಮಹಡಿ ಹತ್ತಿದರೆ ಬನಶಂಕರಿ ಕಡೆಯ ರಾಗಿಹೊಲಗಳು ಕಾಣುತ್ತಿದ್ದವು. ಹಾಲಿನ ಒಂದು ಮೂಲೆಯಲ್ಲಿ ಚರಕ, ಇನ್ನೊಂದರಲ್ಲಿ ಮರದ ರೇಡಿಯೋ, ಎದುರು ಗೋಡೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಕೊಟ್ಟ ತಾಮ್ರಪತ್ರ. ಅಜ್ಜಿ ಶುಕ್ರವಾರ ದೇವರ ಪಾತ್ರೆಗಳ ಜೊತೆಗೆ ಅದನ್ನೂ ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ತಾತ, ಮಗ ಇನ್ನೂ ತೊಟ್ಟಿಲಲ್ಲಿದ್ದಾಗ, ಗೆಳೆಯ ಸೀನನ ಜೊತೆ ಸೇರಿ ಹಳಿಗಳ ಬೋಲ್ಟು ಬಿಚ್ಚಿ ರೈಲು ನಿಲ್ಲಿಸಿದ್ದರು. ಹಳಿ ನೋಡಿಕೊಳ್ಳುವ ಆಳು ದೂರದಿಂದಲೇ ಕಂಡು ಕೆಂಪು ಬಟ್ಟೆ ಬೀಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಗೆಳೆಯರಿಬ್ಬರೂ ಜೈಲಿಗೆ ಹೋದರು, ಸೀನ ಅಲ್ಲೇ ವಿಷಮಜ್ವರದಲ್ಲಿ ಸತ್ತ. ಪ್ರತಿ ವರ್ಷ ಅವನು ಸತ್ತ ದಿನ ತಾತ ಊಟ ಮಾಡುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮಗ ಓದು ಮುಗಿಸಿದಾಗ ಅವನ ಕೈಹಿಡಿದು ರೈಲ್ವೆಗೆ ಸೇರಿಸಿ ಬಂದವರೂ ಅವರೇ. ಗುಮಾಸ್ತೆಯ ಕೆಲಸಕ್ಕೆ ಪ್ರಯತ್ನಿಸಿ ಅಂದವರಿಗೆ, “ನಾನು ನಿಲ್ಲಿಸಿದ ರೈಲನ್ನ ನನ್ನ ಮಗ ಓಡಿಸ್ತಾನೆ. ಈಗ ಅದು ನಮ್ಮದಲ್ವೇನ್ರಿ?” ಅಂದಿದ್ದರಂತೆ.

ಗಾಡಿಯಿಂದ ಸಾಮಾನು ಇಳಿಸುವಾಗ ತಾತ ಹಿಟ್ಟಿನ ಡಬ್ಬಗಳನ್ನು ತಾವೇ ಎತ್ತಿ ಒಳಗಿಟ್ಟರು. ನನಗೆ ಹತ್ತಿರದ ಸ್ಕೂಲಿನಲ್ಲಿ ಸೀಟು ಕೊಡಿಸಿದರು. ಆದರೆ ಮಗನ ಹೆಸರು ಎತ್ತಿದರೆ ಎದ್ದು ಚರಕದ ಮುಂದೆ ಕೂರುತ್ತಿದ್ದರು. ಸಂಜೆ ರೇಡಿಯೋದಲ್ಲಿ ವಾರ್ತೆ ಬರುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು. ಮುಷ್ಕರವನ್ನು ಹಿಂತೆಗೆದುಕೊಂಡರೆಂಬ ಸುದ್ದಿ ಅವಳು ಕೇಳಿದ್ದು ಹಾಗೆಯೇ. ಒಲೆಯ ಮೇಲಿನ ಸಾರು ಉಕ್ಕಿ ಹರಿದು ವಾಸನೆ ಬಂದಾಗಲೂ ಅವಳು ಅಲ್ಲಿಂದ ಕದಲಿರಲಿಲ್ಲ.

ಅಪ್ಪ ಬಿಡುಗಡೆಯಾಗಿ ಜಯನಗರಕ್ಕೇ ಬಂದ. ಕೆಲಸ ಹೋಗಿತ್ತು. ಡೇವಿಡ್ ಅಂಕಲ್ ಸೇರಿದಂತೆ ಅನೇಕರನ್ನು ಕೆಲವು ತಿಂಗಳ ಮೇಲೆ ವಾಪಸು ತೆಗೆದುಕೊಂಡರು, ಅಪ್ಪನನ್ನು ತೆಗೆದುಕೊಳ್ಳಲಿಲ್ಲ. ಬಂದ ದಿನ ಅಜ್ಜಿ ಅವನಿಗಿಷ್ಟವಾದ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ತಾತ, ಅಪ್ಪ, ನಾನು ಸಾಲಾಗಿ ಕೂತೆವು. ಮೊದಲ ತುತ್ತಿಗೆ ಮುಂಚೆಯೇ ತಾತ ಕೇಳಿದರು.

“ದೇಶದಲ್ಲಿ ಅಕ್ಕಿ ಇಲ್ಲ. ಅಂಥಾ ಹೊತ್ತಲ್ಲಿ ರೈಲು ನಿಲ್ಲಿಸಿದ್ರಲ್ಲ, ಜನ ಏನು ತಿನ್ಬೇಕು ಅಂತಿದ್ರಿ?”

“ನೀವು ನಿಲ್ಲಿಸ್ದಾಗ ಜನ ಏನು ತಿಂದ್ರು ಅಪ್ಪ?”

“ಅದು ಪರದೇಶದೋರ ರೈಲು ಕಣೋ. ಇದು ನಮ್ದು.”

“ನಮ್ದು ಅಂದ್ರೆ ಯಾರ್ದು? ನಾನು ಹದಿನಾರು ಗಂಟೆ ಬೆಂಕಿ ಮುಂದೆ ನಿಂತಿದ್ದೀನಿ. ನಂದೇ ಆಗಿದ್ರೆ ನನ್ನ ಹೆಂಡ್ತಿ ಮಗೂನ ಬೀದಿಗೆ ತಳ್ತಿದ್ರಾ?”

“ಸೀನ ಪ್ರಾಣ ಕೊಟ್ಟಿದ್ದು ಬೋನಸ್ಸಿಗಲ್ಲ.”

“ಅವನು ಬದುಕಿದ್ದಿದ್ರೆ ನಮ್ ಜತೆ ಇರ್ತಿದ್ದ. ನಿಮ್ ಜತೆ ಅಲ್ಲ.”

ತಾತ ತಟ್ಟೆಗೆ ನೀರು ಬಿಟ್ಟು ಎದ್ದುಹೋದರು. ಅನ್ನ ನೀರಿನಲ್ಲಿ ತೇಲಿತು. ನಮ್ಮ ಮನೆಯಲ್ಲಿ ಅನ್ನ ಚೆಲ್ಲಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿ ಆ ತಟ್ಟೆಯನ್ನು ಹಿತ್ತಿಲಿಗೆ ಒಯ್ದು ಹಸುವಿಗೆಂದು ಇಟ್ಟಿದ್ದ ಬಕೆಟ್ಟಿಗೆ ಸುರಿದಳು.

ಆಮೇಲೆ ಒಂದೇ ಸೂರಿನಡಿ ಅವರಿಬ್ಬರ ಮಾತು ನನ್ನ ಮೂಲಕ ನಡೆಯಿತು. “ನಿಮ್ಮಪ್ಪಂಗೆ ಹೇಳು, ಬಾವಿ ಹಗ್ಗ ಸವೆದಿದೆ ಅಂತ.” “ನಿಮ್ಮ ತಾತಂಗೆ ಹೇಳು, ಹಗ್ಗ ತಂದಾಯ್ತು ಅಂತ.” ಮೂವರೂ ಹಾಲಿನಲ್ಲೇ ಇರುತ್ತಿದ್ದೆವು, ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಆದರೂ ನಾನು ಹೇಳಿದ ಮೇಲೆಯೇ ತಲೆಯಾಡಿಸುತ್ತಿದ್ದರು. ಮೊದಮೊದಲು ಅದು ಆಟದಂತಿತ್ತು, ಬರಬರುತ್ತ ಭಯವಾಯಿತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ದನಿಯನ್ನು ಮೆತ್ತಗೆ ಮಾಡುವುದನ್ನು, ಒಂದೆರಡು ಪದ ನುಂಗಿಬಿಡುವುದನ್ನು ನಾನು ಕಲಿತದ್ದು ಆ ಹಾಲಿನಲ್ಲಿ. ಅಪ್ಪ ಕೆಲಸಕ್ಕೆ ಅಲೆದ. ಜೈಲಿಗೆ ಹೋಗಿಬಂದವನೆಂದು ತಿಳಿದ ಕೂಡಲೇ ಬೇಡವೆನ್ನುತ್ತಿದ್ದರು. ಕೊನೆಗೆ ತ್ಯಾಗರಾಜನಗರದ ಒಂದು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಲು ನಿಂತ. ಬಂದವರು ಇವರು ಮೇಷ್ಟ್ರ ಮಗ ಅಲ್ಲವೇ ಎಂದು ಗುರುತು ಹಿಡಿದರೆ ಮುಖ ತಗ್ಗಿಸಿ ಟ್ಯೂಬಿಗೆ ಗಾಳಿ ತುಂಬುತ್ತಿದ್ದ.

ಮರುವರ್ಷ ತುರ್ತು ಪರಿಸ್ಥಿತಿ ಬಂತು. ಅಪ್ಪನನ್ನು ಮನೆಯಿಂದಲೇ ಕರೆದೊಯ್ದರು, ಬೆಳಗಿನ ಹೊತ್ತು, ಅವನು ಹಲ್ಲುಜ್ಜುತ್ತಿದ್ದಾಗ. ಬಾಯಿ ಮುಕ್ಕಳಿಸಲು ಬಿಟ್ಟರು, ಅಂಗಿ ಹಾಕಿಕೊಳ್ಳಲು ಬಿಟ್ಟರು, ಎಲ್ಲಿಗೆಂದು ಹೇಳಲಿಲ್ಲ. ತಾತ ಒಳಗೆ ಹೋಗಿ ಗರಿಗರಿಯಾದ ಖಾದಿ ಜುಬ್ಬ, ಟೋಪಿ ಹಾಕಿಕೊಂಡರು. ಗೋಡೆಯಿಂದ ತಾಮ್ರಪತ್ರವನ್ನು ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಪೊಲೀಸ್ ಠಾಣೆಗೆ ನಡೆದುಹೋದರು. ಅವರು ವಾಪಸಾದಾಗ ಮಧ್ಯಾಹ್ನದ ಬಿಸಿಲು ಇಳಿದಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಕೊಂಡರು. ತಾತ ಅಲ್ಲಿ ಕೂತದ್ದನ್ನು ನಾವ್ಯಾರೂ ಕಂಡಿರಲಿಲ್ಲ.

“ಏನಂದ್ರು?” ಎಂದಳು ಅಜ್ಜಿ.

“ಕೂತ್ಕೊಳ್ಳಿ ಅನ್ಲಿಲ್ಲ. ನಿಂತೇ ಇದ್ದೆ. ಕೊನೇಲಿ ಆ ಇನ್ಸ್‌ಪೆಕ್ಟರು, ನನ್ನ ಸ್ಟೂಡೆಂಟ್ ವಯಸ್ಸಿನೋನು, ಏನಂದ ಗೊತ್ತಾ? ‘ಸ್ವಾಮಿ, ನಿಮ್ ಕಾಲ ಆಗೋಯ್ತು. ಈ ತಗಡು ತಗೊಂಡು ಮನೇಗ್ ಹೋಗಿ’ ಅಂದ.”

ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು. ತಾಮ್ರಪತ್ರ ಮತ್ತೆ ಗೋಡೆಗೆ ಏರಲಿಲ್ಲ, ಅಜ್ಜಿ ಮತ್ತೆ ಅದನ್ನು ಉಜ್ಜಲೂ ಇಲ್ಲ.

ಅಪ್ಪ ದೂರದ ಒಂದು ಬಿಸಿಲೂರಿನ ಜೈಲಿನಲ್ಲಿದ್ದಾನೆಂದು ಬಹಳ ದಿನಗಳ ಮೇಲೆ ತಿಳಿಯಿತು. ಭೇಟಿಗೆ ಇಬ್ಬರನ್ನು ಬಿಡುತ್ತಾರೆಂದಾಗ ಅಮ್ಮ ಜ್ವರದಲ್ಲಿ ಮಲಗಿದ್ದಳು, ತಾತ ನನ್ನನ್ನು ಕರೆದುಕೊಂಡು ಹೊರಟರು. ಮುಷ್ಕರದ ನಂತರ ಅವರು ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಅಜ್ಜಿ ಕಟ್ಟಿಕೊಟ್ಟ ಚಿತ್ರಾನ್ನದ ಪೊಟ್ಟಣ ಬಿಚ್ಚಿ ನನ್ನ ತೊಡೆಯ ಮೇಲಿಟ್ಟರು. ತಾವು ತಿನ್ನಲಿಲ್ಲ. ಒಂದು ಸ್ಟೇಷನ್ನಿನಲ್ಲಿ ರೈಲು ಸುಮ್ಮನೆ ಬಹಳ ಹೊತ್ತು ನಿಂತಿತ್ತು. ಆಗ ನಾನು ಕೇಳದೆಯೇ ಅವರು ಹೇಳತೊಡಗಿದರು.

“ನಮ್ಮನ್ನ ಬಿಟ್ರಲ್ಲ ಪುಟ್ಟಿ, ಜೈಲಿಂದ. ರೈಲಲ್ಲಿ ಊರಿಗ್ ಬಂದ್ವಿ. ಸ್ಟೇಷನ್ ತುಂಬ ಜನ. ಹಾರ, ವಾದ್ಯ, ಜೈಕಾರ. ನನ್ನನ್ನ ಹೆಗಲ ಮೇಲೆ ಹೊತ್ಕೊಂಡ್ಬಿಟ್ರು. ಮೇಲಿಂದ ನೋಡ್ತೀನಿ, ಸೀನನ ಅಮ್ಮ. ಒಂದೊಂದೇ ಬೋಗಿ ಕಿಟಕೀಲಿ ಇಣುಕಿ ನೋಡ್ಕೊಂಡ್ ಬರ್ತಿದ್ರು.”

“ಅವರಿಗೆ ಗೊತ್ತಿರ್ಲಿಲ್ವಾ ತಾತ, ಸತ್ತೋಗಿದ್ದು?”

“ಗೊತ್ತಿತ್ತು. ದಹನ ಮಾಡಿ ತಿಂಗಳುಗಳೇ ಆಗಿತ್ತು. ಆದ್ರೂ ಕೊನೇ ಬೋಗಿವರ್ಗೂ ನೋಡಿದ್ರು.”

ರೈಲು ಹೊರಟ ಮೇಲೆ, “ಇದನ್ನ ನಾನು ಯಾವ ಭಾಷಣದಲ್ಲೂ ಹೇಳ್ಲಿಲ್ಲ” ಅಂದರು. ಜೈಲಿನಲ್ಲಿ ಅಪ್ಪನನ್ನು ಕಂಬಿಯಾಚೆ ನಿಲ್ಲಿಸಿದ್ದರು. ಕೆಮ್ಮುತ್ತಿದ್ದ. ಅಂಗಿಯ ತೋಳು ಎರಡು ಕೈ ಹಿಡಿಸುವಷ್ಟು ಸಡಿಲವಾಗಿತ್ತು. ರೂಢಿಯಂತೆ ನಾನು ತಾತನ ಕಡೆ ತಿರುಗಿ, ಏನು ಹೇಳಲಿ ಎಂಬಂತೆ ನೋಡಿದೆ. ಅವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾವೇ ಕಂಬಿಯ ಹತ್ತಿರ ಹೋದರು. “ಊಟ ಸರಿಯಾಗಿ ಕೊಡ್ತಾರೇನೋ?” ಎಂದರು. ಅಪ್ಪ “ಕೊಡ್ತಾರಪ್ಪ” ಅಂದ. ಭೇಟಿಯ ಹೊತ್ತು ಮುಗಿಯುವವರೆಗೆ ಇಬ್ಬರೂ ಕಂಬಿ ಹಿಡಿದು ನಿಂತಿದ್ದರು.

ಚುನಾವಣೆಯಾಗಿ ಸರ್ಕಾರ ಬದಲಾದಾಗ ಜಯನಗರದ ಬೀದಿಗಳಲ್ಲಿ ಪಟಾಕಿ ಹೊಡೆದರು. ಅಪ್ಪ ಬಿಡುಗಡೆಯಾಗಿ ಬಂದ. ಸಿಟಿ ಸ್ಟೇಷನ್ನಿನಲ್ಲಿ ಹಾರಗಳ ರಾಶಿ, ಕೆಂಪು ಬಾವುಟ, ಹೆಗಲ ಮೇಲೆ ಹೊತ್ತು ಕುಣಿಯುವ ಜನ. ತಾತ ಆ ಗುಂಪಿನ ಹೊರಗೆ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ನಿಂತಿದ್ದರು. ಅಪ್ಪ ಕೆಳಗಿಳಿದು ನಡೆದು ಬರುವವರೆಗೂ ಬಿಡಲಿಲ್ಲ. ಹೊಸ ಸರ್ಕಾರ ವಜಾ ಆದವರನ್ನೆಲ್ಲ ಕೆಲಸಕ್ಕೆ ವಾಪಸು ತೆಗೆದುಕೊಂಡಿತು. ಆ ಒಂದು ವರ್ಷ ನಮ್ಮ ಮನೆಯಲ್ಲಿ ನಗು ಕೇಳಿಸಿತು. ತಂದೆ ಮಗ ಒಟ್ಟಿಗೆ ವಾರ್ತೆ ಕೇಳಿದರು, ಮಂತ್ರಿಗಳ ಬಗ್ಗೆ ವಾದಿಸಿದರು, ಅಮ್ಮ ಇಬ್ಬರಿಗೂ ಕಾಫಿ ಕೊಟ್ಟು ಅಲ್ಲೇ ಕೂತು ಹೂ ಕಟ್ಟಿದಳು. ಆದರೆ ಅಪ್ಪನಿಗೆ ಸನಿಕೆ ಎತ್ತಲಾಗುತ್ತಿರಲಿಲ್ಲ. ಕ್ಷಯ ಎರಡೂ ಶ್ವಾಸಕೋಶಗಳನ್ನು ತಿಂದಿತ್ತು. ಶೆಡ್ಡಿನಲ್ಲಿ ಹಗುರ ಕೆಲಸ ಕೊಟ್ಟರು, ಆಮೇಲೆ ಅದನ್ನೂ ಬಿಟ್ಟು ಹಾಲಿನಲ್ಲಿ ಹಾಸಿಗೆ ಹಿಡಿದ. ಅಷ್ಟರಲ್ಲಿ ತಂದೆ ಮಗ ಇಬ್ಬರೂ ನಂಬಿದ್ದ ಸರ್ಕಾರದೊಳಗೇ ಕಚ್ಚಾಟ ಶುರುವಾಗಿತ್ತು.

ಪೇಪರ್ ಹಿಡಿಯುವುದಕ್ಕೂ ಅಪ್ಪನ ಕೈಯಲ್ಲಿ ಶಕ್ತಿ ಇಲ್ಲದಂತಾದಾಗ ತಾತ ಪ್ರತಿ ಬೆಳಿಗ್ಗೆ ಅವನ ಪಕ್ಕ ಕುರ್ಚಿ ಹಾಕಿಕೊಂಡು ಓದಿ ಹೇಳತೊಡಗಿದರು. ಸರ್ಕಾರ ಬಿದ್ದ ಮರುದಿನ ನಾನು ತಾತನ ಬೆನ್ನ ಹಿಂದೆ ಜಡೆ ಹಾಕಿಕೊಳ್ಳುತ್ತ ನಿಂತಿದ್ದೆ. ಪುಟದ ತುಂಬ ದಪ್ಪಕ್ಷರದಲ್ಲಿ ಅದೇ ಸುದ್ದಿ. ತಾತ ಕನ್ನಡಕ ಸರಿಮಾಡಿಕೊಂಡು ಓದಿದರು:

“ರೈಲ್ವೆ ನೌಕರರಿಗೆ ಬೋನಸ್. ಸರ್ಕಾರ ಒಪ್ಪಿಗೆ.”

ನಾನು ಪುಟವನ್ನೆಲ್ಲ ಹುಡುಕಿದೆ. ಅಂಥದ್ದು ಎಲ್ಲೂ ಇರಲಿಲ್ಲ. ನಾನು ಮಗ್ಗಿ ತಪ್ಪು ಹೇಳಿ ಸರಿ ಎಂದು ವಾದಿಸಿದರೆ ದಿನವಿಡೀ ಮಾತು ಬಿಡುತ್ತಿದ್ದ ಮನುಷ್ಯ, ಸತ್ಯ ಅನ್ನುವುದನ್ನು ದೇವರ ಜಾಗದಲ್ಲಿ ಇಟ್ಟುಕೊಂಡಿದ್ದ ಮನುಷ್ಯ, ಉಸಿರೆಳೆದುಕೊಂಡು ಇಲ್ಲದ ಸುದ್ದಿಯನ್ನು ಓದುತ್ತಿದ್ದರು.

“ಇನ್ನೊಂದ್ಸಲ ಓದಿ ಅಪ್ಪ” ಅಂದ ಅಪ್ಪ.

ತಾತ ಎರಡನೆಯ ಸಲ ಓದಿದಾಗ ಮಾತುಗಳು ಬೇರೆಯಾಗಿದ್ದವು. “ಸರ್ಕಾರ ಒಪ್ಪಿಗೆ” ಹೋಗಿ “ಮಂತ್ರಿಗಳ ಘೋಷಣೆ” ಆಗಿತ್ತು. ಅಪ್ಪ ಗೋಡೆಯ ಕಡೆ ಹೊರಳಿದ. ಅವನ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದಾನೆ ಅಂದುಕೊಂಡೆ. ತಾತ ಸ್ನಾನಕ್ಕೆ ಎದ್ದುಹೋದ ಮೇಲೆ ಅವನು ಅಮ್ಮನಿಗೆ ಹೇಳಿದ:

“ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವರಿಗೆ. ನೀವ್ಯಾರೂ ಏನೂ ಅನ್ಬೇಡಿ. ಓದ್ಲಿ ಬಿಡು. ಕೇಳಕ್ಕೆ ಚೆನ್ನಾಗಿದೆ.”

ಅವನು ನಗುತ್ತಿದ್ದ. ಆ ನಗುವಿಗೆ ಕೆಮ್ಮು ಬಂತು, ಅಮ್ಮ ಬಟ್ಟಲು ಹಿಡಿದಳು. ಅವತ್ತಿನಿಂದ ದಿನವೂ ತಾತನ ಬಾಯಿಂದ ಬೇರೆಯದೇ ಒಂದು ದೇಶದ ಸುದ್ದಿ ಬರತೊಡಗಿತು. ಅಲ್ಲಿ ಕೂಲಿಯವರಿಗೆ ಮನೆ ಸಿಗುತ್ತಿತ್ತು, ಅಕ್ಕಿ ಅಗ್ಗವಾಗುತ್ತಿತ್ತು, ಫೈರ್‌ಮನ್ನರ ಡ್ಯೂಟಿ ಎಂಟೇ ಗಂಟೆಯದಾಗಿತ್ತು. ನಾವೆಲ್ಲ ಕೆಲಸ ಬಿಟ್ಟು ಕೇಳುತ್ತಿದ್ದೆವು. ಅಪ್ಪ ನಡುವೆ ಪ್ರಶ್ನೆ ಹಾಕುತ್ತಿದ್ದ, ತಾತ ತಡವರಿಸಿ ಉತ್ತರ ಹುಡುಕುತ್ತಿದ್ದರು. ಹಾಗೆ ಓದುತ್ತಿದ್ದಾಗಲೇ ಒಂದು ಬೆಳಿಗ್ಗೆ ಅಪ್ಪನ ಉಸಿರು ನಿಂತಿತು. ತಾತನಿಗೆ ಅದು ಕಾಣಲಿಲ್ಲವೋ, ಕಂಡೂ ನಿಲ್ಲಿಸಲಾಗಲಿಲ್ಲವೋ, ನಾನು ಇವತ್ತಿಗೂ ಹೇಳಲಾರೆ. ಓದುತ್ತಲೇ ಇದ್ದರು. ಅಜ್ಜಿ ಬಂದು ಅವರ ಕೈಯಿಂದ ಪೇಪರನ್ನು ತೆಗೆದುಕೊಂಡಳು.

ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಮೈಸೂರಿನ ರೈಲಿನಲ್ಲಿ ಒಯ್ದೆವು. ಆ ದಿನ ಎಂಜಿನ್ ನಡೆಸುತ್ತಿದ್ದದ್ದು ಡೇವಿಡ್ ಅಂಕಲ್. ಹೊರಡುವ ಮುಂಚೆ ಪ್ಲಾಟ್‌ಫಾರಂನಲ್ಲಿ ನಡೆದು ಬಂದು, ಮಸಿಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಡಕೆಯನ್ನು ಮುಟ್ಟಿ ಹೋದರು. ತಾತ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎದುರಿಗೆ ಕೂತಿದ್ದ ಒಬ್ಬರು ಸ್ನೇಹದಿಂದಲೇ, “ಏನ್ ಸ್ವಾಮಿ, ಅಷ್ಟು ಜೋಪಾನ? ತುಪ್ಪಾನಾ?” ಎಂದು ಕೇಳಿದರು.

“ನನ್ನ ಮಗ” ಅಂದರು ತಾತ.

ಆ ಮನುಷ್ಯ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಬೋಗಿಗೆ ಹೋದರು. ಅವರನ್ನು ದೂರಲಾರೆ.

ಈಗ ನನಗೆ ಅರವತ್ತು ದಾಟಿದೆ. ಜೆ.ಪಿ. ನಗರದಲ್ಲಿದ್ದೇನೆ. ತಾತನ ಮನೆಯಿದ್ದ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ, ಕೆಳಗೆ ಕನ್ನಡಕದ ಅಂಗಡಿ. ಯಾವ ಪಕ್ಷದ ಮೇಲೂ ನನಗೆ ನಂಬಿಕೆ ಬರಲಿಲ್ಲ, ಆದರೆ ಒಂದು ಚುನಾವಣೆಯಲ್ಲೂ ಓಟು ಹಾಕದೆ ಉಳಿದಿಲ್ಲ. ಇದರಲ್ಲಿ ಎಷ್ಟು ತಾತನದು, ಎಷ್ಟು ಅಪ್ಪನದು ಎಂದು ಬಿಡಿಸಲು ಹೋಗಿ ಸೋತಿದ್ದೇನೆ. ಕಳೆದ ವರ್ಷ ನನ್ನ ಮಗಳು, ಮನೆಮನೆಗೆ ಊಟ ತಲುಪಿಸುವ ಹುಡುಗರ ಸಂಘ ಕಟ್ಟುವವಳು, ಅವರನ್ನೆಲ್ಲ ಸೇರಿಸಿಕೊಂಡು ದೆಹಲಿಗೆ ಧರಣಿಗೆಂದು ರೈಲು ಹತ್ತಿದಳು. “ಈ ಸಲ ಕೇಳ್ದೇ ಇರಕ್ಕಾಗಲ್ಲಮ್ಮ ಅವರಿಗೆ” ಅಂದಳು. ಹೋಗಬೇಡ ಅನ್ನಲು ಬಾಯಿ ಬರಲಿಲ್ಲ, ಹೋಗು ಅನ್ನಲೂ ಬರಲಿಲ್ಲ. ರೈಲು ಹೋದ ಮೇಲೆ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಅವಳು ಕ್ಷೇಮವಾಗಿ ವಾಪಸು ಬಂದಳು. ಕೇಳಿದ್ದು ಯಾವುದೂ ಸಿಗಲಿಲ್ಲ. ಮತ್ತೆ ಹೋಗುತ್ತಾಳೆ.

ಅಪ್ಪ ಸತ್ತ ಕೆಲವು ತಿಂಗಳಲ್ಲೇ ರೈಲ್ವೆ ನೌಕರರಿಗೆ ನಿಜವಾಗಿಯೂ ಬೋನಸ್ ಕೊಟ್ಟರು. ಸುದ್ದಿ ಪೇಪರಿನಲ್ಲಿ ಬಂತು. ತಾತ ಅದನ್ನು ಮನಸ್ಸಿನಲ್ಲೇ ಓದಿಕೊಂಡು ಮಡಚಿಟ್ಟರು. ಬಂದ ಭಾನುವಾರ ಡೇವಿಡ್ ಅಂಕಲ್ ಮತ್ತು ಶೆಡ್ಡಿನ ಏಳೆಂಟು ಜನ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದರು. ಹಾಲಿನಲ್ಲಿದ್ದ ಅಪ್ಪನ ಫೋಟೋಕ್ಕೆ ಹಾರ ಹಾಕಿದರು. ಒಬ್ಬರು ಮುಷ್ಟಿ ಎತ್ತಿ ಅಪ್ಪನ ಹೆಸರು ಕೂಗಿದರು, ಉಳಿದವರು “ಅಮರ್ ರಹೇ” ಅಂದರು. ಆ ಸಣ್ಣ ಕೋಣೆಯಲ್ಲಿ ಅದು ಗುಡುಗಿನಂತೆ ಕೇಳಿಸಿತು. ಅಮ್ಮ ಅಡುಗೆಮನೆಯ ಗೋಡೆಗೆ ಆನಿಕೊಂಡಳು. ಎರಡನೆಯ ಸಲ ಕೂಗುವಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಗಂಡಸರ ಗುಂಪಿನ ಮುಂದೆ ಅವಳು ದನಿಯೆತ್ತಿದ್ದನ್ನು ನಾನು ಕೇಳಿರಲಿಲ್ಲ.

“ಕೂಗ್ಬೇಡ್ರಪ್ಪ. ಸ್ವಾತಂತ್ರ್ಯ ಬಂದಾಗ್ಲೂ ಹಿಂಗೇ ಕೂಗಿದ್ರು. ಇವನು ಜೈಲಿಂದ ಬಂದಾಗ್ಲೂ ಕೂಗಿದ್ರಿ. ಸಾಕು.”

ಎತ್ತಿದ ಕೈಗಳು ಕೆಳಗಿಳಿದವು. ಅವರಲ್ಲಿ ಚಿಕ್ಕವನೊಬ್ಬ ಕಣ್ಣೊರೆಸಿಕೊಳ್ಳುತ್ತ, “ಮತ್ತೆ ನಾವ್ ಏನ್ ಮಾಡ್ಬೇಕಮ್ಮ?” ಎಂದ.

“ಊಟದ ಹೊತ್ತಾಯ್ತು. ಊಟ ಮಾಡ್ಕೊಂಡ್ ಹೋಗಿ.”

ಅಮ್ಮ ಮತ್ತೊಮ್ಮೆ ಅನ್ನಕ್ಕಿಟ್ಟಳು. ನಾನು ಎಲೆ ಹಾಕಿದೆ. ಎಲ್ಲರೂ ಎರಡು ಸಾಲಾಗಿ ಗಾರೆ ನೆಲದ ಮೇಲೆ ಕೂತರು. ಆಗ ತಾತ ಎದ್ದು, ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯನ್ನು ತಾವೇ ಎತ್ತಿಕೊಂಡು ಬಂದರು. ಜನ್ಮದಲ್ಲಿ ಅವರು ಯಾರಿಗೂ ಬಡಿಸಿದವರಲ್ಲ. ಸೌಟು ಹಿಡಿಯುವುದೂ ಸರಿಯಾಗಿ ಬರುತ್ತಿರಲಿಲ್ಲ, ಅನ್ನ ಎಲೆಯಿಂದ ಆಚೆ ಬೀಳುತ್ತಿತ್ತು. ಮುಷ್ಕರ ಹೂಡಿದ್ದ ಒಬ್ಬೊಬ್ಬನ ಮುಂದೆಯೂ ಬಗ್ಗಿ ಬಡಿಸುತ್ತ ಹೋದರು. ಡೇವಿಡ್ ಅಂಕಲ್ ಸಾಲಿನ ಕೊನೆಯಲ್ಲಿದ್ದರು. ತಲೆಯೆತ್ತಿ, ತಾತನಿಗೆ ಸಮಾಧಾನವಾಗಲೆಂದು ಹೇಳಿದರು:

“ಸಾರ್, ನೀವು ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ಮ ಮಗ ಗೆದ್ದ.”

ತಾತ ಸೌಟಿಗೆ ಅಂಟಿದ ಅನ್ನವನ್ನು ಪಾತ್ರೆಯ ಅಂಚಿಗೆ ಬಡಿದು ಉದುರಿಸಿದರು.

“ಗೆದ್ದ” ಅಂದರು. “ಇನ್ನೊಂಚೂರು ಅನ್ನ ಹಾಕ್ಲಾ?”